ಹಿತ್ತಲ ಗಿಡ ಮದ್ದೋ, ವಿಷವೋ?

ಹಿತ್ತಲ ಗಿಡ ಮದ್ದಲ್ಲ ಎಂಬುದು ಕನ್ನಡದ ಗಾದೆ. ಪೆರಟಿ ಚೆಟ್ಟು ವೈದ್ಯಾನಿಕಿ ಪನಿಕಿರಾದು ಎಂದು ತೆಲುಗಿನವರೂ ಅದನ್ನೇ ಹೇಳುತ್ತಾರೆ. ಎರಡು ಗಾದೆಯೂ ಗೊತ್ತಿರುವ ಗಿಡದ ಮಾತು. ದಿನಾ ಕಣ್ಣಿಗೆ ಬೀಳುವುದಕ್ಕೆ ಬೆಲೆ ಕೊಡುವುದಿಲ್ಲ ಎಂದು ಅದರ ಅರ್ಥ. ಆದರೆ ಯಾರೂ ನೆಡದ, ಯಾರಿಗೂ ಸರಿಯಾಗಿ ಗೊತ್ತಿಲ್ಲದ ಗಿಡವೊಂದು ಹಿತ್ತಲಲ್ಲಿ ತಾನಾಗೇ ಹುಟ್ಟಿ, ಎದೆಯೆತ್ತರ ಬೆಳೆದು, ಗೊಂಚಲು ಗೊಂಚಲು ಹೂ ಬಿಟ್ಟು ನಿಂತರೆ ಏನು ಮಾಡಬೇಕು ಅನ್ನೋದಕ್ಕೆ ಎರಡು ಭಾಷೆಯಲ್ಲೂ ಗಾದೆ ಇಲ್ಲ.

ಇದು ಸಣ್ಣ ವಿಷಯ ಅಂತ ಕಾಣಬಹುದು. ಆದರೆ ನಮ್ಮ ಮಡಕಶಿರಾ ಸೀಮೆಯಲ್ಲಿ ಹಿತ್ತಲು ಅಂದರೆ ಬರೀ ಹೂದೋಟ ಅಲ್ಲ. ಮೇಕೆ ಕಟ್ಟುವುದೂ ಅಲ್ಲೇ, ಕರು ಮೇಯುವುದೂ ಅಲ್ಲೇ, ಮಕ್ಕಳು ಆಡುವುದೂ ಅಲ್ಲೇ, ಪೂಜೆಗೆ ಹೂ ಕೀಳುವುದೂ ಅಲ್ಲೇ. ಅಲ್ಲಿರುವ ಒಂದೊಂದು ಗಿಡವೂ ಯಾವುದೋ ಒಂದು ಬಾಯಿಗೆ ಎಟುಕುತ್ತದೆ. ಆದ್ದರಿಂದ ಗಿಡ ಯಾವುದು ಎಂದು ತಿಳಿಯುವುದು ಕುತೂಹಲಕ್ಕಿಂತ ಹೆಚ್ಚಿನ ಕೆಲಸ.

ನಾಲ್ಕು ಜನ, ನಾಲ್ಕು ಹೆಸರು

ಎರಡು ವರ್ಷದ ಹಿಂದೆ ನಮ್ಮ ತೋಟಕ್ಕೆ ಕೆರೆಯ ಗೋಡು ಹೊಡೆಸಿದ್ದೆವು. ಆ ಮಣ್ಣಿನ ಜೊತೆಗೆ ಬಂದ ಬೀಜವೋ ಏನೋ, ಮನೆ ಹಿಂದೆ ನುಗ್ಗೆ ಮರದ ಪಕ್ಕ ಒಂದು ಸಸಿ ಎದ್ದಿತು. ಈ ವರ್ಷ ಮುಂಗಾರು ಬಿದ್ದ ಮೇಲೆ ಅದು ಹೂ ಬಿಟ್ಟಿತು. ಹಳದಿ ಬಣ್ಣ, ಗಂಟೆಯಂಥ ಆಕಾರ, ನೋಡಲು ಚೆಂದ.

ಬಂದವರೆಲ್ಲ ಒಂದೊಂದು ಹೆಸರು ಹೇಳಿದರು. ಕುರಿ ಮೇಯಿಸುವವರು ಬೇಲಿಯಾಚೆಯಿಂದಲೇ, "ತಂಗಡಿ ಇರ್ಬೇಕು ಬಿಡಣ್ಣ, ಹಳದಿ ಹೂ ಅಲ್ವಾ" ಅಂದರು. ಪಕ್ಕದ ಹೊಲದ ತೆಲುಗಿನವರು, "ಇದಿ ಪಚ್ಚ ಗನ್ನೇರು ಕದಾ ಅನ್ನಾ" ಅಂದರು. ಹೊಸೂರು ಕಡೆಯಿಂದ ಬಂದಿದ್ದ ಬೀಗರು, "ನಮ್ಮಲ್ಲಿ ಇದನ್ನ ಮಂಜಳ್ ಅರಳಿ ಅಂತಾರೆ ಬೀಗ್ರೇ" ಅಂದರು. ಕಾಲೇಜಿಗೆ ಹೋಗುವ ಅಳಿಯ ಹುಡುಗ ಹೂವಿನ ಫೋಟೋ ಹೊಡೆದು, "ಟೆಕೋಮಾ ಅಂತ ತೋರಿಸ್ತೈತೆ ಮಾವ" ಅಂದ.

ಗಿಡ ಒಂದು, ಹೆಸರು ನಾಲ್ಕು. ಇವುಗಳಲ್ಲಿ ಎರಡು ಹೆಸರು ಒಂದೇ ಗಿಡದವು. ಉಳಿದೆರಡು ಬೇರೆ ಬೇರೆ ಗಿಡಗಳವು. ಒಂದರಲ್ಲಿ ಪ್ರಾಣ ತೆಗೆಯುವ ವಿಷ ಇದೆ. ಯಾವುದು ಯಾವುದು ಎಂದು ಬಿಡಿಸುವ ಮುಂಚೆ, ಗಡಿಯಲ್ಲಿ ಬದುಕುವ ನಮಗೆ ಹೆಸರುಗಳೇ ಹೇಗೆ ದಾರಿ ತಪ್ಪಿಸುತ್ತವೆ ಎನ್ನುವುದನ್ನು ನೋಡೋಣ.

ಗಡಿಗೊಂದು ಹೆಸರು

ಹೊಸದಾಗಿ ಬಂದ ಗಿಡಕ್ಕೆ ಪ್ರತಿ ಊರೂ ತನ್ನದೇ ಹೆಸರಿಡುತ್ತದೆ. ಹೊಲ ತುಂಬ ಹಬ್ಬಿದ ಪಾರ್ಥೇನಿಯಂ ಕಳೆಗೆ ಕನ್ನಡದವರು ಕಾಂಗ್ರೆಸ್ ಗಿಡ ಎಂದು ರಾಜಕೀಯದ ಹೆಸರಿಟ್ಟರೆ, ತೆಲುಗಿನವರು ವಯ್ಯಾರಿ ಭಾಮ ಎಂದು ಒಯ್ಯಾರಗಿತ್ತಿಯನ್ನಾಗಿ ಮಾಡಿದರು. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ರಾಯದುರ್ಗ, ಆದೋನಿ ಕಡೆ ಹೋದರೆ ಒಂದೇ ಮುಳ್ಳಿನ ಮರವನ್ನು ಕನ್ನಡದವರು ಬಳ್ಳಾರಿ ಜಾಲಿ ಅಂತಾರೆ, ತೆಲುಗಿನವರು ಸರ್ಕಾರು ತುಮ್ಮ ಅಂತಾರೆ. ಆ ಮರ ಬಂದದ್ದು ಬಳ್ಳಾರಿಯಿಂದಲೂ ಅಲ್ಲ, ಅದರ ತವರು ಅಮೆರಿಕ ಖಂಡ. ಇಂಥ ಹೆಸರುಗಳು ತಮಾಷೆಯಾಗಿವೆ, ಕೇಡೇನೂ ಇಲ್ಲ.

ಕೇಡು ಇರುವುದು ಒಂದೇ ಶಬ್ದ ಎರಡು ಗಿಡಕ್ಕೆ ನಿಂತಾಗ. ನಮ್ಮಲ್ಲಿ ಗೋರಂಟಿ ಅಂದರೆ ಕೈಗೆ ಹಚ್ಚುವ ಮದರಂಗಿ. ತೆಲುಗಿನಲ್ಲೂ ಗೋರಿಂಟ ಅಂದರೆ ಅದೇ. ಆದರೆ ಮುಳ್ಳು ಗೋರಂಟಿ, ಮುಳ್ಳ ಗೋರಿಂಟ ಅಂದರೆ ಹಳದಿ ಹೂ ಬಿಡುವ ಬೇರೊಂದು ಮುಳ್ಳು ಪೊದೆ. ಮದರಂಗಿಗೂ ಅದಕ್ಕೂ ಸಂಬಂಧವೇ ಇಲ್ಲ.

ಪಚ್ಚ ಎನ್ನುವ ಶಬ್ದವನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಪಚ್ಚೆ ಅಂದರೆ ಹಸಿರು. ತೆಲುಗಿನಲ್ಲಿ ಪಚ್ಚ ಅಂದರೆ ಹಸಿರೂ ಆಗುತ್ತದೆ, ಹಳದಿಯೂ ಆಗುತ್ತದೆ. ಪಚ್ಚ ಗನ್ನೇರು ಎಂದು ತೆಲುಗಿನವರು ಎಚ್ಚರಿಸಿದರೆ, ಕನ್ನಡ ಮಾತ್ರ ಬಲ್ಲವನು ಹಸಿರು ಹೂವಿನ ಗಿಡ ಹುಡುಕುತ್ತಾ ಹೋಗುತ್ತಾನೆ. ಎದುರಿಗಿರುವ ಹಳದಿ ಹೂವಿನ ಮೇಲೆ ಅವನಿಗೆ ಅನುಮಾನವೇ ಬರುವುದಿಲ್ಲ.

ಎಲ್ಲಕ್ಕಿಂತ ಅಪಾಯದ ಶಬ್ದ ಅರಳಿ. ಕನ್ನಡಿಗನಿಗೆ ಅರಳಿ ಅಂದರೆ ಊರ ಮುಂದಿನ ಕಟ್ಟೆಯ ಮೇಲೆ ನಿಂತಿರುವ ಅಶ್ವತ್ಥ. ಅದರ ಸೊಪ್ಪನ್ನು ಮೇಕೆ ಚೆನ್ನಾಗಿ ತಿನ್ನುತ್ತೆ. ತಮಿಳಿನಲ್ಲಿ, ಮಲಯಾಳದಲ್ಲಿ ಅರಳಿ ಅಂದರೆ ಕಣಗಿಲೆ. ಅದರ ಸೊಪ್ಪು ವಿಷ. ಹೊಸೂರು, ತಾಳವಾಡಿ, ವಯನಾಡು, ಕಾಸರಗೋಡಿನ ನಮ್ಮ ಕನ್ನಡದವರು ಎರಡು ಭಾಷೆ ಬಲ್ಲವರಾದ್ದರಿಂದ ಮಾತಿನ ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ. ಆದರೆ ಈ ಕಡೆಯಿಂದ ಹೊಸದಾಗಿ ಹೋದ ಕೂಲಿಯವನಿಗೆ, ಕುರಿ ವ್ಯಾಪಾರದವನಿಗೆ ಆ ಸೂಕ್ಷ್ಮ ಎಲ್ಲಿಂದ ಗೊತ್ತಾಗಬೇಕು?

ಇದು ಬರೀ ಊಹೆಯ ಭಯ ಅಲ್ಲ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ, ಮಲಬಾರ್ ದೇವಸ್ವಂ ಮಂಡಳಿ ಎರಡೂ ನೈವೇದ್ಯ, ಪ್ರಸಾದಗಳಲ್ಲಿ ಅರಳಿ ಹೂ ಬಳಸಬಾರದೆಂದು ತೀರ್ಮಾನ ಮಾಡಿದವು. ಯುವ ನರ್ಸ್ ಒಬ್ಬರು ಅರಳಿಯ ಎಲೆ, ಹೂ ಅಗಿದದ್ದರಿಂದ ತೀರಿಕೊಂಡರೆಂಬ ಶಂಕೆ ಸುದ್ದಿಯಾದ ಮೇಲೆ ಬಂದ ತೀರ್ಮಾನ ಅದು. ಕಾಸರಗೋಡಿನ ಕನ್ನಡಿಗರು ನಡೆದುಕೊಳ್ಳುವ ಎಷ್ಟೋ ದೇವಸ್ಥಾನಗಳು ಮಲಬಾರ್ ಮಂಡಳಿಯ ಕೆಳಗೆ ಬರುತ್ತವೆ. ಆ ಸುದ್ದಿಯನ್ನು ಕನ್ನಡಕ್ಕೆ ತರುವಾಗ ಅರಳಿ ಎಂದೇ ಇಟ್ಟರೆ, ಅಶ್ವತ್ಥದ ಎಲೆಗೆ ಯಾಕಪ್ಪ ನಿಷೇಧ ಎಂದು ನಮ್ಮವರು ತಲೆ ಕೆರೆದುಕೊಳ್ಳುತ್ತಾರೆ.

ಮೂರು ಹಳದಿ ಹೂಗಳು

ಈಗ ಹಿತ್ತಲಿಗೆ ಬರೋಣ. ಹಳದಿ ಹೂವಿನ ಪೊದೆ ಅಂದಾಗ ನಮ್ಮ ಕಡೆ ಗೊಂದಲ ಆಗುವುದು ಮುಖ್ಯವಾಗಿ ಮೂರು ಗಿಡಗಳಲ್ಲಿ. ಹೂ ನೋಡಿ ಹೇಳಲು ಹೋದರೆ ಎಂಥವರೂ ಎಡವಬಹುದು. ಎಲೆ ನೋಡಬೇಕು, ಎಲೆ ಕಾಂಡಕ್ಕೆ ಹೇಗೆ ಕೂತಿದೆ ನೋಡಬೇಕು, ಮುರಿದರೆ ಹಾಲು ಬರುತ್ತಾ ನೋಡಬೇಕು, ಕಾಯಿ ಇದ್ದರೆ ಕಾಯಿ ನೋಡಬೇಕು. ಹೂ ಕೊನೆಗೆ.

ಒಂದನೆಯದು ತಂಗಡಿ. ಕೆಲವು ಕಡೆ ಆವರಿಕೆ ಅಂತಾರೆ, ತೆಲುಗಿನಲ್ಲಿ ತಂಗೇಡು, ತಮಿಳಿನಲ್ಲಿ ಆವಾರಂ. ಇದು ನಮ್ಮ ನೆಲದ್ದೇ ಗಿಡ. ಕಲ್ಲು ಭೂಮಿ, ರಸ್ತೆ ಬದಿ, ಕೆರೆ ಏರಿ ಎಲ್ಲ ಕಡೆ ಬೆಳೆಯುತ್ತದೆ. ಎಲೆ ಹುಣಸೆ ಎಲೆಯಂತೆ ಜೋಡಿ ಜೋಡಿ ಕಿರು ಎಲೆಗಳ ಗರಿ, ಕಿರು ಎಲೆ ಮಾತ್ರ ಹುಣಸೆಯದಕ್ಕಿಂತ ಅಗಲ. ಗರಿಯ ಬುಡದಲ್ಲಿ ಕಿವಿಯ ಆಕಾರದ ಪುಟ್ಟ ಎಲೆಯೊಂದು ಕಾಂಡಕ್ಕೆ ಅಂಟಿಕೊಂಡಿರುತ್ತದೆ. ಆ ಕಿವಿಯಿಂದಲೇ ಇದರ ಶಾಸ್ತ್ರೀಯ ಹೆಸರಿನಲ್ಲಿ ಆರಿಕ್ಯುಲೇಟಾ ಎಂಬ ಮಾತು ಸೇರಿದೆ. ಹೂವಿನ ಐದು ಎಸಳೂ ಬಿಡಿ ಬಿಡಿ, ಗಂಟೆಯಾಕಾರ ಇಲ್ಲವೇ ಇಲ್ಲ. ಕಾಯಿ ಚಪ್ಪಟೆ. ಹಾಲು ಬರುವುದಿಲ್ಲ. ತೊಗಟೆಯನ್ನು ಚರ್ಮ ಹದ ಮಾಡಲು, ಸೊಪ್ಪನ್ನು ಹಸಿರು ಗೊಬ್ಬರಕ್ಕೆ ಹಿಂದಿನಿಂದ ಬಳಸುತ್ತಾರೆ. ಬತುಕಮ್ಮ ಹಬ್ಬದ ಈ ಹೂವನ್ನು 2014ರಲ್ಲಿ ತೆಲಂಗಾಣ ತನ್ನ ರಾಜ್ಯಪುಷ್ಪವನ್ನಾಗಿ ಮಾಡಿಕೊಂಡಿತು.

ಎರಡನೆಯದು ಹುಡುಗನ ಮೊಬೈಲು ಹೇಳಿದ ಟೆಕೋಮಾ. ಅಮೆರಿಕ ಖಂಡದ ಮೂಲದ್ದು. ಈಗ ಶಾಲೆ, ಆಫೀಸಿನ ಕಾಂಪೌಂಡು, ಹೆದ್ದಾರಿ ಪಕ್ಕ, ನರ್ಸರಿ ಎಲ್ಲ ಕಡೆ ಇದೆ. ರೆಂಬೆಯ ತುದಿಯಲ್ಲಿ ಗಂಟೆಯಂಥ ಹಳದಿ ಹೂಗಳ ಗೊಂಚಲು. ಎಲೆ ನೋಡಿದರೆ ಅನುಮಾನ ಹೋಗುತ್ತದೆ. ಒಂದು ತೊಟ್ಟಿಗೆ ಸಾಮಾನ್ಯವಾಗಿ ಐದೋ ಏಳೋ ಕಿರು ಎಲೆ, ಅಂಚೆಲ್ಲ ಬೇವಿನೆಲೆಯಂತೆ ಗರಗಸ. ಕಾಂಡದ ಮೇಲೆ ಎಲೆಗಳು ಎದುರುಬದುರು. ಕಾಯಿ ಅಲಸಂದೆಯಂತೆ ಉದ್ದ, ಸಪೂರ. ಒಣಗಿ ಬಿರಿದರೆ ಕಾಗದದಂಥ ರೆಕ್ಕೆಯ ಬೀಜ ಗಾಳಿಗೆ ಹಾರುತ್ತದೆ. ಇದರಲ್ಲೂ ಹಾಲಿಲ್ಲ.

ಮೂರನೆಯದೇ ಹಳದಿ ಕಣಗಿಲೆ. ತೆಲುಗಿನ ಪಚ್ಚ ಗನ್ನೇರು, ತಮಿಳಿನ ಮಂಜಳ್ ಅರಳಿ ಎರಡೂ ಇದೇ. ಸೊಲ್ಲಾಪುರ, ಅಕ್ಕಲಕೋಟೆ ಕಡೆ ಮರಾಠಿಯವರು ಪಿವಳಾ ಕಣ್ಹೇರ ಅನ್ನುವುದೂ ಇದನ್ನೇ. ಎಲೆ ಒಂಟಿ, ಗೇಣು ಉದ್ದದವರೆಗೆ ಸಪೂರ, ಹೊಳಪು, ನಡುವೆ ಒಂದೇ ಗೆರೆ ಎದ್ದು ಕಾಣುತ್ತದೆ. ಎಲೆಗಳು ಕಾಂಡದ ಸುತ್ತ ಸುರುಳಿಯಾಗಿ ಒತ್ತೊತ್ತಾಗಿ ಕೂತಿರುತ್ತವೆ. ಹೂವಿನ ಐದು ಎಸಳು ಒಂದರ ಮೇಲೊಂದು ತಿರುಚಿಕೊಂಡು ಆಲಿಕೆಯ ಆಕಾರಕ್ಕೆ ಬರುತ್ತವೆ. ಕೇಸರಿ, ಬಿಳಿ ಬಣ್ಣದ್ದೂ ಉಂಟು. ಕಾಯಿ ಮೊದಲು ಹಸಿರು, ಆಮೇಲೆ ಕಪ್ಪು, ಮೂಲೆ ಮೂಲೆಯಾಗಿ ದುಂಡಗೆ. ಒಳಗೆ ಗಟ್ಟಿ ಓಟೆ. ಎಲೆ ಕಿತ್ತರೆ ಸಾಕು, ಬೆಳ್ಳನೆ ಹಾಲು ತೊಟ್ಟಿಕ್ಕುತ್ತದೆ.

ನಮ್ಮ ಹಿತ್ತಲ ಗಿಡದ ಎಲೆ ಗರಿಯಾಗಿರಲಿಲ್ಲ. ಅಂಚಿನಲ್ಲಿ ಗರಗಸ ಇರಲಿಲ್ಲ. ಒಂದೆಲೆ ಮುರಿದ ಕೂಡಲೇ ಹಾಲು ಬಂತು. ಹೆಸರು ಹೇಳಿದ ನಾಲ್ವರಲ್ಲಿ ತೆಲುಗಿನವರದೂ ಹೊಸೂರಿನ ಬೀಗರದೂ ಮಾತು ನಿಜವಾಯಿತು. ಹೂವೊಂದನ್ನೇ ತೋರಿಸಿದ್ದಕ್ಕೆ ಮೊಬೈಲು ಎಡವಿತ್ತು. ಅದೇ ಹುಡುಗ ಎಲೆ, ರೆಂಬೆ ಎರಡೂ ಕಾಣುವಂತೆ ಮತ್ತೆ ಫೋಟೋ ಹೊಡೆದಾಗ ಅದೂ ದಾರಿಗೆ ಬಂತು. ಯಂತ್ರಕ್ಕೂ ಕೇಳುವ ಹಾಗೆ ಕೇಳಬೇಕು.

ಹಾಲು ಹೇಳುವ ಮಾತು

ಹಾಲು ಬಂದರೆಲ್ಲ ವಿಷ ಅಂತ ತಿಳಿಯಬೇಡಿ. ಸಪೋಟ, ಪರಂಗಿ, ಹಲಸು, ಅತ್ತಿ ಎಲ್ಲದರಲ್ಲೂ ಹಾಲುಂಟು. ಹಾಲಿಲ್ಲದ್ದೆಲ್ಲ ಸಾಧುವೂ ಅಲ್ಲ. ಉಮ್ಮತ್ತಿಯಲ್ಲಿ ಹಾಲಿಲ್ಲ, ಹರಳಿನ ಬೀಜದಲ್ಲಿ ಹಾಲಿಲ್ಲ, ದನಗಳ ಈಲಿ ಕೆಡಿಸುವ ಲಂಟಾನದಲ್ಲೂ ಇಲ್ಲ. ಹಾಲು ಗಿಡದ ಕುಲ ಹೇಳುವ ಒಂದು ಗುರುತು, ಅಷ್ಟೆ.

ಆ ಕುಲದ ಮಾತು ಬಂದಾಗ ನಮ್ಮ ಹಿರಿಯರ ಕಣ್ಣು ಮೆಚ್ಚಬೇಕು. ಕೆಂಪು ಹೂವಿನದು ಕಣಗಿಲೆ, ಹಳದಿಯದು ಹಳದಿ ಕಣಗಿಲೆ, ದೇವಸ್ಥಾನದ ಅಂಗಳದ ದಪ್ಪ ಕೊಂಬೆಯ ಮರ ದೇವಕಣಗಿಲೆ, ಬಚ್ಚಲ ಬಳಿ ಬೆಳೆಯುವ ನಿತ್ಯಪುಷ್ಪ ಕಾಶಿ ಕಣಗಿಲೆ. ತೆಲುಗಿನಲ್ಲೂ ಹಾಗೇ: ಗನ್ನೇರು, ಪಚ್ಚ ಗನ್ನೇರು, ದೇವ ಗನ್ನೇರು, ಬಿಳ್ಳ ಗನ್ನೇರು. ಒಂದು ಹಿತ್ತಲಲ್ಲಿ ಪೊದೆ, ಇನ್ನೊಂದು ಅಂಗಳದಲ್ಲಿ ಮರ, ಮತ್ತೊಂದು ಮೊಣಕಾಲೆತ್ತರದ ಗಿಡ. ಆದರೂ ಎರಡು ಭಾಷೆಯ ಜನ ಇವನ್ನೆಲ್ಲ ಒಂದೇ ಮನೆತನ ಎಂದು ಗುರುತಿಸಿದರು. ಸಸ್ಯಶಾಸ್ತ್ರವೂ ಈ ನಾಲ್ಕನ್ನೂ ಅಪೊಸೈನೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿಸಿದೆ. ಎಕ್ಕವೂ ಈಗ ಅದೇ ಕುಟುಂಬದ್ದು.

ಈ ಮನೆತನದಲ್ಲಿ ಮದ್ದೂ ಇದೆ, ವಿಷವೂ ಇದೆ. ನಿತ್ಯಪುಷ್ಪದಿಂದ ತೆಗೆದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಔಷಧಗಳನ್ನು ಕ್ಯಾನ್ಸರಿಗೆ ಕೊಡುತ್ತಾರೆ. ರಕ್ತದೊತ್ತಡಕ್ಕೆ ಹೆಸರಾದ ಸರ್ಪಗಂಧವೂ ಇದೇ ಕುಟುಂಬ. ಕೆಂಪು ಮತ್ತು ಹಳದಿ ಕಣಗಿಲೆಗಳಲ್ಲಿ ಇರುವುದು ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷ. ಎಲೆ, ಹೂ, ತೊಗಟೆ, ಬೇರು, ಬೀಜ ಯಾವುದೂ ಅದಕ್ಕೆ ಹೊರತಲ್ಲ. ಔಷಧವನ್ನು ಕಾರ್ಖಾನೆಯಲ್ಲಿ ಅಳೆದು ತೂಗಿ ಮಾಡುತ್ತಾರೆ. ಹಿತ್ತಲಲ್ಲಿ ಎಲೆ ಅರೆದು ಕುಡಿಯುವವನ ಬಳಿ ಆ ತಕ್ಕಡಿ ಇರುವುದಿಲ್ಲ.

ಕೆಂಪು ಕಣಗಿಲೆಯಲ್ಲಿ ಹಳದಿಯದರಂತೆ ಬೆಳ್ಳನೆ ಹಾಲು ಧಾರಾಳವಾಗಿ ಕಾಣದೇ ಹೋಗಬಹುದು, ಬರೀ ಅಂಟು ರಸ ಬರಬಹುದು. ಅದಕ್ಕೆ ಬೇರೆ ಗುರುತು ಉಂಟು: ಎಲೆಗಳು ಸಾಮಾನ್ಯವಾಗಿ ಮೂರು ಮೂರಾಗಿ ಒಂದೇ ಗಂಟಿನಿಂದ ಹೊರಡುತ್ತವೆ, ತೊಗಲಿನಂತೆ ದಪ್ಪ. ಇದೊಂದು ನೆನಪಿಟ್ಟರೆ ಹೂ ಇಲ್ಲದ ಕಾಲದಲ್ಲೂ ಹಿಡಿಯಬಹುದು.

ಹಸಿ ಕಣಗಿಲೆ ಕಹಿ. ಹೊಟ್ಟೆ ತುಂಬಿದ ಮೇಕೆ ಮೂಸಿ ಬಿಡುತ್ತದೆ. ತೊಂದರೆ ಆಗುವುದು ಬೇಸಿಗೆಯಲ್ಲಿ ಮೇವಿಲ್ಲದಾಗ, ಇಲ್ಲವೇ ಸವರಿ ಹಾಕಿದ ರೆಂಬೆ ಒಣಗಿ ಮೇವಿನ ಜೊತೆ ಬೆರೆತಾಗ. ಒಣಗಿದರೂ ವಿಷ ಹೋಗುವುದಿಲ್ಲ. ಇನ್ನೊಂದು, ದೇವಸ್ಥಾನದ ಹಿಂದೆ ಎಸೆದ ನಿರ್ಮಾಲ್ಯ. ಕಣಗಿಲೆ ಹಾರವನ್ನು ದನದ ಬಾಯಿಗೆ ಸಿಗುವಂತೆ ಎಸೆಯಬಾರದು. ಸೇಲಂ ಕಡೆ ಅರಳಿ ಹೂವನ್ನು ಬೆಳೆಯಾಗಿಯೇ ಬೆಳೆಯುತ್ತಾರೆ, ಸಂತೆ ಮಾರ್ಕೆಟ್ಟಿನಲ್ಲಿ ಹಾರ ಕಟ್ಟಿ ಮಾರುತ್ತಾರೆ. ಹಾರಕ್ಕೆ ಅಡ್ಡಿ ಇಲ್ಲ. ತೀರ್ಥದ ಬಟ್ಟಲಿಗೆ, ಪ್ರಸಾದದ ಎಲೆಗೆ ಆ ಹೂ ಬೀಳದ ಹಾಗೆ ವ್ಯಾಪಾರಿಗಳೇ ಒಂದು ಮಾತು ಹೇಳಿ ಕೊಟ್ಟರೆ ಒಳ್ಳೆಯದು.

ಶಾಸ್ತ್ರದ ಹೆಸರೂ ಬದಲಾಗುತ್ತೆ

ಊರಿನ ಹೆಸರು ನಂಬುವ ಹಾಗಿಲ್ಲ, ಲ್ಯಾಟಿನ್ ಹೆಸರು ಹಿಡಿದರೆ ಮುಗೀತು ಅಂತ ಓದಿದವರು ಹೇಳುತ್ತಾರೆ. ಅದೂ ಪೂರ್ತಿ ನಿಜ ಅಲ್ಲ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಎರಡು ಪದದ ಹೆಸರಿಡುವ ಕ್ರಮವನ್ನು ಗಿಡಗಳಿಗೆಲ್ಲ ತಂದಾಗ ಹಳದಿ ಕಣಗಿಲೆಯನ್ನು ಸೆರ್ಬೆರಾ ಥೆವೀಶಿಯಾ ಎಂದು ಕರೆದ. ಥೆವೆ ಎಂಬ ಫ್ರೆಂಚ್ ಸನ್ಯಾಸಿ, ಪ್ರವಾಸಿಯ ನೆನಪಿಗೆ ಆ ಹೆಸರು. ಮುಂದೆ ಅದು ಥೆವೀಶಿಯಾ ಪೆರೂವಿಯಾನಾ ಆಯಿತು, ನಮ್ಮ ಎಷ್ಟೋ ಪುಸ್ತಕಗಳಲ್ಲಿ ಇರುವುದು ಇದೇ. ಈಗ ಕ್ಯಾಸ್ಕಬೆಲಾ ಥೆವೀಶಿಯಾ ಅಂತಾರೆ. ಆದರೆ ಅಲ್ಲಿ ಒಂದು ಶಿಸ್ತು ಉಂಟು. ಹೆಸರು ಬದಲಾದರೆ ಯಾವುದರಿಂದ ಯಾವುದಕ್ಕೆ ಬದಲಾಯಿತು ಎಂದು ಬರೆದಿಡುತ್ತಾರೆ, ಒಣಗಿಸಿದ ಮಾದರಿಯನ್ನು ಜೋಪಾನವಾಗಿ ಇಡುತ್ತಾರೆ. ನಮ್ಮ ಊರುಗಳಲ್ಲಿ ಇಲ್ಲದ್ದು ಅದೇ. ಅಜ್ಜಿ ಹೋದಳು ಅಂದರೆ ಅವಳಿಗೆ ಗೊತ್ತಿದ್ದ ಹೆಸರೂ ಗುರುತೂ ಅವಳ ಜೊತೆಗೇ ಹೋಯಿತು.

ಮಾದರಿ ಒಣಗಿಸುವುದು ದೊಡ್ಡ ವಿದ್ಯೆಯೇನಲ್ಲ. ಎಲೆ, ಹೂ, ಸಿಕ್ಕರೆ ಕಾಯಿ ಇರುವ ಮೊಳದುದ್ದದ ರೆಂಬೆಯನ್ನು ಹಳೆಯ ದಿನಪತ್ರಿಕೆಯ ನಡುವೆ ಹರಡಿ, ಮೇಲೆ ಭಾರ ಹೇರಿ. ದಿನಾ ಕಾಗದ ಬದಲಾಯಿಸಿದರೆ ವಾರ, ಹತ್ತು ದಿನದಲ್ಲಿ ಒಣಗುತ್ತದೆ. ಜೊತೆಗೆ ಒಂದು ಚೀಟಿ: ಯಾವ ಊರು, ಯಾವ ತಾರೀಕು, ಗಿಡದ ಎತ್ತರ ಎಷ್ಟು, ಹಾಲು ಇತ್ತಾ, ಹೂವಿನ ಬಣ್ಣ, ವಾಸನೆ ಏನು, ಯಾವ ಭಾಷೆಯವರು ಏನಂತಾರೆ. ಒಣಗಿದ ಮೇಲೆ ಬಣ್ಣವೂ ವಾಸನೆಯೂ ಉಳಿಯುವುದಿಲ್ಲ, ಅದಕ್ಕೇ ಚೀಟಿ. ಇದನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಡಿಗ್ರಿ ಕಾಲೇಜಿನ ಸಸ್ಯಶಾಸ್ತ್ರ ಮೇಷ್ಟ್ರಿಗೋ ತೋರಿಸಬಹುದು. 1890ರಲ್ಲಿ ಆರಂಭವಾದ ಭಾರತೀಯ ಸಸ್ಯ ಸರ್ವೇಕ್ಷಣಾ ಇಲಾಖೆಗೆ ಕೊಯಮತ್ತೂರು, ಹೈದರಾಬಾದುಗಳಲ್ಲೂ ಕೇಂದ್ರಗಳಿವೆ.

ಗುರುತು ಸಿಗುವ ತನಕ ಕೆಲವು ಕಟ್ಟುಪಾಡು. ಗೊತ್ತಿಲ್ಲದ ಗಿಡದ ಎಲೆ, ಕಾಯಿ ನಾಲಿಗೆಗೆ ತಾಗಿಸಬೇಡಿ. ಮುರಿದ ಕೈಯನ್ನು ಕಣ್ಣಿಗೆ ಒಯ್ಯಬೇಡಿ, ಎಕ್ಕದ ಹಾಲು ಕಣ್ಣಿಗೆ ಸಿಡಿದು ನರಳಿದವರುಂಟು. ಸೋಪು ಹಾಕಿ ತೊಳೆಯಿರಿ. ಮೇಕೆ, ಕರುವನ್ನು ಅದರ ಹತ್ತಿರ ಕಟ್ಟಬೇಡಿ. ಮಗುವೋ ದನವೋ ತಿಂದ ಅನುಮಾನ ಬಂದರೆ ಮನೆಮದ್ದು ಹುಡುಕುತ್ತಾ ಕೂರಬಾರದು. ತಕ್ಷಣ ಆಸ್ಪತ್ರೆಗೆ, ಪಶು ಡಾಕ್ಟರ ಹತ್ತಿರಕ್ಕೆ ಹೋಗಬೇಕು. ಹೋಗುವಾಗ ಆ ಗಿಡದ ಒಂದು ರೆಂಬೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ನೀವು ಅರಳಿ ಅಂದರೆ ಡಾಕ್ಟರು ಅಶ್ವತ್ಥ ಅಂದುಕೊಂಡಾರು. ರೆಂಬೆ ನೋಡಿದರೆ ಯಾವ ಭಾಷೆಯ ಡಾಕ್ಟರಿಗೂ ತಿಳಿಯುತ್ತದೆ.

ನಮ್ಮ ಗಿಡದ ವಿಷಯದಲ್ಲಿ ಕೊನೆಗೆ ತಕರಾರು ಬಂದದ್ದು ಮನೆಯೊಳಗಿಂದಲೇ. "ಶಿವನಿಗೆ ಏರ್ಸೋ ಹೂ ಕಣಪ್ಪ, ತಾನಾಗೇ ಬಂದೈತೆ, ಕೀಳ್ಬೇಡ" ಅಂದರು ತಾಯಿ. ಅವರ ಮಾತಲ್ಲಿ ತಪ್ಪಿಲ್ಲ. ಅಮೆರಿಕದ ಹೂವನ್ನೂ ಶಿವನ ತಲೆಗೆ ಏರಿಸಿ ನಮ್ಮದು ಮಾಡಿಕೊಂಡ ಜನ ನಾವು. ಆದರೆ ಗಿಡ ನಿಂತದ್ದು ಮೇಕೆ ಗೂಟದಿಂದ ಎಂಟು ಹೆಜ್ಜೆ ದೂರದಲ್ಲಿ. ಕಾಯಿ ಕಚ್ಚುವ ಮೊದಲೇ ಬೇರು ಸಮೇತ ತೆಗೆದು ಹಳ್ಳದ ಕಡೆ ಆಳವಾಗಿ ಹೂಳಿದೆವು, ಸುಡಲಿಲ್ಲ, ಅದರ ಹೊಗೆಯೂ ಒಳ್ಳೆಯದಲ್ಲ. ಈಶ್ವರನ ಗುಡಿಯ ಗೋಡೆಯೊಳಗೆ ಅದೇ ಜಾತಿಯ ಹಳೆಯ ಗಿಡ ಇದೆ. ಸೋಮವಾರದ ಹೂ ಈಗ ಅಲ್ಲಿಂದಲೇ ಬರುತ್ತದೆ.

ಗಡಿಯ ಈಚೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ನಮ್ಮ ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆಯ ಕಡೆ ಎರಡು ಭಾಷೆ ಒಂದೇ ನಾಲಿಗೆಯ ಮೇಲೆ ಇವೆ. ಗಡಿಯ ಆಚೆ ಪಾವಗಡದಲ್ಲೂ ಹಾಗೇ. ಕನ್ನಡ ಶಾಲೆಯ ಮಕ್ಕಳೂ ತೆಲುಗು ಶಾಲೆಯ ಮಕ್ಕಳೂ ಸೇರಿ ತಮ್ಮ ತಮ್ಮ ಊರಿನ ಗಿಡಗಳದ್ದೊಂದು ದಪ್ಪ ನೋಟ್‌ಬುಕ್ ಮಾಡಬಹುದು. ಒಂದು ಪುಟಕ್ಕೆ ಒಂದು ಒಣಗಿದ ರೆಂಬೆ, ಕೆಳಗೆ ಎರಡು ಭಾಷೆಯ ಹೆಸರು, ಮೇಕೆ ತಿನ್ನುತ್ತಾ ಇಲ್ಲವಾ ಎನ್ನುವ ಒಂದು ಸಾಲು. ಖರ್ಚು ಒಂದು ಪುಸ್ತಕ, ಒಂದು ಗೋಂದಿನ ಬಾಟಲಿ. ಅಜ್ಜ ಅಜ್ಜಿಯರು ಇರುವಾಗಲೇ ಅವರನ್ನು ಕೂರಿಸಿಕೊಂಡು ಬರೆಸಬೇಕು. ಮೊದಲ ಪುಟಕ್ಕೆ ಕಣಗಿಲೆಯನ್ನೇ ಅಂಟಿಸಿ, ಅದರ ಪಕ್ಕದಲ್ಲೇ ಅಶ್ವತ್ಥದ ಎಲೆಯೊಂದನ್ನೂ ಇಡಿ.